ಕಾಳಿ ಫಾರ್ ವಿಮೆನ್, ಜುಬಾನ್: ಕ್ಯಾಟಲಾಗ್‌ನಲ್ಲಿ ಯಾವ ಹೆಸರು?

ಪ್ರಶ್ನೆ: ಬಸವನಗುಡಿಯ ಗ್ರಂಥಾಲಯವೊಂದರ ಸ್ತ್ರೀ ಸಾಹಿತ್ಯ ವಿಭಾಗಕ್ಕೆ ಕ್ಯಾಟಲಾಗ್ ಆಗ್ತಿದೆ. ಒಂದೇ ಪುಸ್ತಕ, ಪ್ರಕಾಶಕರ ಹೆಸರು ಮಾತ್ರ ಒಂದು ಪ್ರತಿಯಲ್ಲಿ ಕಾಳಿ, ಇನ್ನೊಂದರಲ್ಲಿ ಜುಬಾನ್. ಒಂದೇ ಎಂಟ್ರಿ ಸಾಕಾ?

ಉತ್ತರ 1: ಸಾಲದು. ಕಾಳಿ ಪ್ರಕಾಶನವನ್ನು 1984ರಲ್ಲಿ ದೆಹಲಿಯಲ್ಲಿ ಕಟ್ಟಿದವರು ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್. 2003ರಲ್ಲಿ ದಾರಿ ಬೇರೆಯಾಯಿತು: ಬುಟಾಲಿಯಾ ಅವರದ್ದು ಜುಬಾನ್, ಮೆನನ್ ಅವರದ್ದು ವಿಮೆನ್ ಅನ್‌ಲಿಮಿಟೆಡ್. ಹೊದಿಕೆ ನಂಬಬೇಡಿ, ಶೀರ್ಷಿಕೆ ಪುಟದ ಹಿಂಬದಿ ನೋಡಿ.

ಉತ್ತರ 2: ಅಚ್ಚಾದ ಹೆಸರನ್ನೇ MARC (ಗಣಕ ಕ್ಯಾಟಲಾಗ್‌ನ ದಾಖಲೆ ಮಾದರಿ) ದಾಖಲೆಯ 264ನೇ ಫೀಲ್ಡಿಗೆ ಹಾಕಿ, ಮರುಮುದ್ರಣವಾದರೆ ಮೂಲ ಆವೃತ್ತಿಯ ವಿವರ 534ಕ್ಕೆ. ಹಳೆ ಪ್ರತಿಗೂ ಹೊಸ ಹೆಸರು ಕೊಟ್ಟರೆ ಕಾಳಿಯ ಸುಮಾರು ಇಪ್ಪತ್ತು ವರ್ಷದ ದುಡಿಮೆಯೇ ಹುಡುಕಾಟದಲ್ಲಿ ಸಿಗೋದಿಲ್ಲ. ಕಾಳಿಯ ‘ಶರೀರ್ ಕೀ ಜಾನ್‌ಕಾರಿ’ (ದೇಹದ ಬಗ್ಗೆ ತಿಳಿವಳಿಕೆ) ಇದ್ದರೆ ಜೋಪಾನ. ರಾಜಸ್ಥಾನದ 75 ಹಳ್ಳಿ ಹೆಂಗಸರು ರೂಪಿಸಿದ ಪುಸ್ತಕ ಅದು. ಚಿತ್ರದಲ್ಲಿ ಬಟ್ಟೆಯ ಮಡಿಕೆ ಎತ್ತಿದರೆ ಒಳಗೆ ಅಂಗಗಳು ಕಾಣುತ್ತವೆ. ಮಡಿಕೆ ಹರಿದರೆ ಸೆಲೋಟೇಪ್ ಬೇಡ, ಅಂಟು ಹಳದಿಗಟ್ಟಿ ಕಾಗದಕ್ಕೆ ಇಳಿಯುತ್ತೆ.

ಉತ್ತರ 3: ನಮ್ಮ ಕನ್ನಡದ ಲೇಖಕಿ, ಪ್ರಕಾಶಕಿ ತಿರುಮಲಾಂಬ ಅವರನ್ನು ಮರೀಬೇಡಿ! ನಂಜನಗೂಡಿನಲ್ಲಿ 1913ರಲ್ಲೇ ‘ಸತೀಹಿತೈಷಿಣೀ’ ಗ್ರಂಥಮಾಲೆ ತೆರೆದವರು, ಕಾಳಿಗಿಂತ 71 ವರ್ಷ ಮೊದಲು. ಮಾಲೆಯ ಹೆಸರು 490ನೇ ಫೀಲ್ಡಿಗೆ. ‘ಸತಿ ಹಿತೈಷಿಣಿ’ ಅಂತ ಬಿಡಿಸಿ, ಹ್ರಸ್ವದಲ್ಲೂ ಹುಡುಕಿ, ಇಲ್ಲದಿದ್ದರೆ ಅರ್ಧ ತಪ್ಪಿಹೋಗುತ್ತವೆ.