ಕಿಡ್ನಿ 180 ಲೀಟರ್ ಸೋಸಿ, ಹೆಚ್ಚುಕಮ್ಮಿ ಅಷ್ಟನ್ನೂ ಮತ್ತೆ ವಾಪಸ್ ತಗೊಳ್ಳೋದ್ಯಾಕೆ?

ಕೊನೇಬೆಂಚು:
ಕಿಡ್ನಿಗಳು ದಿನಕ್ಕೆ 180 ಲೀಟರ್ ಸೋಸುತ್ತವಂತೆ. ಹೊರಗೆ ಹೋಗೋದು ಒಂದೂವರೆ ಲೀಟರ್. ಮೈಯಲ್ಲಿರೋ ರಕ್ತವೇ ಸುಮಾರು ಐದು ಲೀಟರ್, ಇದೆಂಥ ಲೆಕ್ಕ? ಬೇಡದ್ದನ್ನಷ್ಟೇ ಆರಿಸಿ ಎಸೆದಿದ್ರೆ ಆಗ್ತಿರಲಿಲ್ವಾ? ನೀರು ಕಮ್ಮಿ ಕುಡಿದಿದ್ದು ಕಿಡ್ನಿಗೆ ಹೇಗೆ ಗೊತ್ತಾಗುತ್ತೆ ಅನ್ನೋದೂ ಹೇಳಿ.

ನೈಟ್‌ಶಿಫ್ಟ್:
ನಾನು ಡಯಾಲಿಸಿಸ್ ಟೆಕ್ನಿಷಿಯನ್, ಕಿಡ್ನಿ ಕೆಟ್ಟವರ ರಕ್ತವನ್ನ ಮೆಷಿನ್‌ನಲ್ಲಿ ಸೋಸೋ ಕೆಲಸ. ಲೆಕ್ಕ ಸರಿಯಾಗೇ ಇದೆ. ನಿಮಿಷಕ್ಕೆ ಲೀಟರಿಗೂ ಮಿಕ್ಕಿ ರಕ್ತ ಕಿಡ್ನಿಗಳಿಗೆ ಬರುತ್ತೆ, ಅದರಲ್ಲಿ ಸುಮಾರು 125 ಮಿಲಿ ದ್ರವ ಜರಡಿ ದಾಟುತ್ತೆ. ದಿನಕ್ಕೆ ಗುಣಿಸಿ ನೋಡಿ. ಇರೋ ಮೂರು ಲೀಟರ್ ಪ್ಲಾಸ್ಮಾನೇ (ರಕ್ತಕಣ ಬಿಟ್ಟು ಉಳಿಯೋ ದ್ರವ) 60 ಸಲ ಸೋಸಿಸಿಕೊಳ್ಳುತ್ತೆ.

ಆರಿಸಿ ಎಸೀಬೇಕು ಅಂದ್ರೆ ಪ್ರತಿ ಕಸದ ಗುರುತೂ ಸಿಗಬೇಕಲ್ಲ? ಅದಕ್ಕೇ ಬೀರು ಖಾಲಿ ಮಾಡಿ, ಬೇಕಾದ್ದನ್ನಷ್ಟೇ ಮತ್ತೆ ಜೋಡಿಸೋ ಉಪಾಯ. ರಕ್ತಕಣ, ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಜರಡಿಯನ್ನೇ ದಾಟಲ್ಲ. ದಾಟಿದ್ದರಲ್ಲಿ ಗ್ಲೂಕೋಸ್ ಪೂರ್ತಿ ವಾಪಸ್, ಸೋಡಿಯಂ ಹೆಚ್ಚುಕಮ್ಮಿ ಪೂರ್ತಿ. ಕ್ರಿಯಾಟಿನಿನ್ ಅನ್ನೋ ಸ್ನಾಯುಗಳ ಕಸವನ್ನ ಯಾರೂ ವಾಪಸ್ ಕರೆಯಲ್ಲ.

ನಮ್ಮ ಮೆಷಿನ್‌ಗೆ ಈ ಜಾಣತನ ಇಲ್ಲ. ಪೇಷೆಂಟ್ ಬಂದ ಕೂಡಲೇ ತೂಕದ ಮೆಷಿನ್ ಮೇಲೆ ನಿಲ್ಲಿಸ್ತೀವಿ. ಹೋದ ಸಲಕ್ಕಿಂತ ಎರಡೂವರೆ ಕೆ.ಜಿ. ಏರಿದ್ರೆ ಅದು ಬಹುಪಾಲು ನೀರೇ. ನಾಲ್ಕು ಗಂಟೆಯಲ್ಲಿ ತೆಗೀಬೇಕು. ಅವಸರ ಮಾಡಿದ್ರೆ ಬಿಪಿ ಇಳಿಯುತ್ತೆ, ಮೀನಖಂಡ ಸೆಟೆದುಕೊಂಡು ಪಾಪ ಕೂಗ್ತಾರೆ. ಅದೇ ಕೆಲಸ ನಿಮ್ಮ ಕಿಡ್ನಿ ನಿದ್ದೇಲೂ ಸದ್ದಿಲ್ಲದೆ ಮಾಡ್ತಿರುತ್ತೆ.

ಹಾರ್ಮೋನ್‌ಹುಚ್ಚ:
ಕೊನೇ ಪ್ರಶ್ನೆ ನನಗಿರಲಿ. ಅಪ್ಪಣೆ ಬರೋದು ತಲೆಯಿಂದ. ನೀರು ಕಮ್ಮಿಯಾಗಿ ರಕ್ತದ ಸಾಂದ್ರತೆ ಶೇ. 1-2ರಷ್ಟು ಏರಿದ್ರೂ ಮಿದುಳಿನ ಹೈಪೋಥಲಮಸ್ ಅನ್ನೋ ಭಾಗಕ್ಕೆ ತಿಳಿಯುತ್ತೆ, ವಾಸೋಪ್ರೆಸಿನ್ ಹಾರ್ಮೋನ್ ಬಿಡುಗಡೆ ಆಗುತ್ತೆ. ಆಗ ಕಿಡ್ನಿಯ ಸಂಗ್ರಾಹಕ ನಾಳದ ಜೀವಕೋಶಗಳು ನೀರು ಹೋಗೋ ಸಣ್ಣ ಬಾಗಿಲುಗಳನ್ನ ಗೋಡೆಗೆ ತಂದು ಕೂರಿಸ್ತವೆ. ನೀರು ಒಳಗೆ ಉಳೀತು, ಮೂತ್ರ ಹಳದಿ ಆಯ್ತು. ನೀರು ಕುಡಿದ ಮೇಲೆ ಹಾರ್ಮೋನ್ ಇಳಿಯುತ್ತೆ, ಆ ಜೀವಕೋಶಗಳು ಬಾಗಿಲುಗಳನ್ನ ಎತ್ತಿಟ್ಟುಬಿಡ್ತವೆ. ಮದ್ಯ ಈ ಹಾರ್ಮೋನನ್ನೇ ತಡೆಯುತ್ತೆ, ಕುಡಿದವರು ಪದೇ ಪದೇ ಎದ್ದು ಹೋಗೋದು ಅದಕ್ಕೇ.

ಉಪ್ಪಿನ ಲೆಕ್ಕ ನೋಡಿಕೊಳ್ಳೋದು ಆಲ್ಡೋಸ್ಟಿರಾನ್ ಅನ್ನೋ ಇನ್ನೊಂದು ಹಾರ್ಮೋನ್, ಅದು ಬೇರೆ ಇಲಾಖೆ.

ಕೊನೇಬೆಂಚು:
ಹಾಗಾದ್ರೆ ದಿನಾ ಐದು ಲೀಟರ್ ಕುಡಿದ್ರೆ ಕಿಡ್ನಿ ಇನ್ನಷ್ಟು ಕ್ಲೀನ್ ಆಗುತ್ತಾ?

ನೈಟ್‌ಶಿಫ್ಟ್:
ಇಲ್ಲ ಮಾರಾಯ್ರೇ. ಸೋಸೋದು ಆ 180ರ ಆಸುಪಾಸೇ, ಮೂತ್ರ ತೆಳ್ಳಗಾಗುತ್ತೆ ಅಷ್ಟೆ. ಕಲ್ಲು ಆದವರಿಗೆ ಜಾಸ್ತಿ ಕುಡೀರಿ ಅಂತ ಡಾಕ್ಟರು ಹೇಳೋದು ಬೇರೆ ಕಾರಣಕ್ಕೆ. ಹೃದಯದ ಕಾಯಿಲೆಗೆ ನೀರು ಇಷ್ಟೇ ಅಂತ ಅಳತೆ ಕೊಟ್ಟಿದ್ರೆ, ಈ ಥ್ರೆಡ್ ನೋಡಿ ಅದನ್ನ ಬದಲಾಯಿಸಬೇಡಿ.