ಡೌನ್‌ಟೌನಲ್ಲಿ ಹೊಸ ಎಂಟರ್‌ಟೇನ್‌ಮೆಂಟ್ ಡಿಸ್ಟ್ರಿಕ್ಟ್ ಬಂದ್ರೆ ಹಳೇ ಪಬ್ ಏರಿಯಾ ಗತಿ ಏನು?

ಕೊನೇಟೇಬಲ್:
ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಗೊತ್ತಿರೋರು ಯಾರಾದ್ರೂ ಹೇಳ್ತೀರ ಅಂತ ಹಾಕ್ತಿದೀನಿ. ಎಷ್ಟೋ ಸಿಟಿಗಳಲ್ಲಿ ಆಫೀಸ್ ಬಿಟ್ಟ ಮೇಲೆ ಡೌನ್‌ಟೌನಲ್ಲಿ ಒಂದು ನರಪಿಳ್ಳೆ ಇರಲ್ಲ ಅಂತ ಸಿಟಿಯವ್ರೇ ಸಾಲ ಎತ್ತಿ, ಒಬ್ಬನೇ ಡೆವಲಪರ್ ಕೈಗೆ ಏಳೆಂಟು ಬ್ಲಾಕ್ ಕೊಟ್ಟು ಪಬ್ಬು, ಸ್ಟೇಜು, ದೊಡ್ಡ ಸ್ಕ್ರೀನು ಎಲ್ಲಾ ಒಂದೇ ಕಡೆ ಕಟ್ಟಿಸ್ತಾರಲ್ಲ, ಅದಾದ್ಮೇಲೆ ಸ್ವಲ್ಪ ದೂರದಲ್ಲಿ ಯಾರೂ ಪ್ಲಾನ್ ಮಾಡದೆ ತಾನಾಗೇ ಬೆಳೆದಿರೋ ಹಳೇ ನೈಟ್‌ಲೈಫ್ ಬೀದಿಗೆ ಏನಾಗುತ್ತೆ? ಹೊಸ ಜಾಗ ಹೊಸ ಜನಾನ ಕರ್ಕೊಂಡು ಬರುತ್ತಾ ಇಲ್ಲಾ ಇರೋ ಜನಾನೇ ಆ ಕಡೆಯಿಂದ ಈ ಕಡೆಗೆ ಎಳ್ಕೊಳ್ಳುತ್ತಾ? ನಂಗೆ ಎರಡನೇದೇ ಅನ್ಸುತ್ತೆ, ಯಾಕಂದ್ರೆ ಒಬ್ಬ ಮನುಷ್ಯನಿಗೆ ವಾರಕ್ಕೆ ಇರೋದು ಒಂದೇ ಶನಿವಾರ ರಾತ್ರಿ.

ನಕ್ಷೆಹುಚ್ಚು:
ಅಮೆರಿಕದ ಕಾನ್ಸಾಸ್ ಸಿಟಿ ನೋಡಿ, ನಿಮ್ಮ ಪ್ರಶ್ನೆಗೆ ಸರಿಯಾಗಿ ಕೂರೋ ಉದಾಹರಣೆ. ಪವರ್ ಅಂಡ್ ಲೈಟ್ ಡಿಸ್ಟ್ರಿಕ್ಟ್ ಅಂತ 2007-08ರ ಹೊತ್ತಿಗೆ ಶುರುವಾಯ್ತು, ಕಟ್ಟಿದ್ದು ಬಾಲ್ಟಿಮೋರಿನ ಕಾರ್ಡಿಶ್ ಕಂಪನಿ, ಪಕ್ಕದಲ್ಲೇ 2007ರಲ್ಲಿ ದೊಡ್ಡ ಅರೇನಾನೂ ಬಂತು. ಸಿಟಿ ಇದಕ್ಕೆ ಸುಮಾರು 29.5 ಕೋಟಿ ಡಾಲರ್ ಬಾಂಡ್ ಎತ್ತಿತ್ತು, ಡಿಸ್ಟ್ರಿಕ್ಟಿಂದ ಬರೋ ಟ್ಯಾಕ್ಸಲ್ಲೇ ಸಾಲ ತೀರುತ್ತೆ ಅಂತ ಲೆಕ್ಕ ಹಾಕಿದ್ರು. ಲೆಕ್ಕ ತಪ್ಪಿತು, ಎಷ್ಟೋ ವರ್ಷ ಕೊರತೆನ ಸಿಟಿ ಬಜೆಟ್‌ನಿಂದಾನೇ ತುಂಬಬೇಕಾಯ್ತು.

ಅಲ್ಲಿಂದ ದಕ್ಷಿಣಕ್ಕೆ ಸುಮಾರು 5 ಕಿಲೋಮೀಟರ್ ಹೋದ್ರೆ ವೆಸ್ಟ್‌ಪೋರ್ಟ್. 1830ರ ದಶಕದ ಊರು ಅದು, ಪಶ್ಚಿಮಕ್ಕೆ ಗಾಡಿ ಕಟ್ಕೊಂಡು ಹೋಗೋರು ದಾರಿಗೆ ಬೇಕಾದ ಸಾಮಾನು ತುಂಬ್ಕೋತಿದ್ದ ಜಾಗ, ಆಮೇಲೆ ಬೆಳಗಿನ ಜಾವ 3 ಗಂಟೆವರೆಗೂ ಲೈಸೆನ್ಸ್ ಇರೋ ಬಾರ್‌ಗಳಿಗೆ ಹೆಸರಾಯ್ತು. ಈಗ ಯೋಚ್ನೆ ಮಾಡಿ, ವೆಸ್ಟ್‌ಪೋರ್ಟ್‌ನ ಬಾರ್ ಓನರ್ ಕಟ್ಟೋ ಟ್ಯಾಕ್ಸೂ ಅದೇ ಸಿಟಿ ಬಜೆಟ್ಟಿಗೆ ಹೋಗುತ್ತೆ, ಅಂದ್ರೆ ತನ್ನ ಗಿರಾಕಿನ ಎಳ್ಕೊಳ್ಳೋ ಅಂಗಡಿ ಸಾಲಕ್ಕೆ ಅವನೂ ಕಂತು ಕಟ್ಟಿದ ಹಾಗಾಯ್ತು. ನಂಗೆ ಹೊಟ್ಟೆ ಉರಿಯೋದು ಇಲ್ಲೇ. ಸಾಲದ್ದಕ್ಕೆ ಹೊಸ ಡಿಸ್ಟ್ರಿಕ್ಟ್ ಒಳಗೆ ಪ್ಲಾಸ್ಟಿಕ್ ಲೋಟ ಹಿಡ್ಕೊಂಡು ಒಂದು ಬಾರಿಂದ ಇನ್ನೊಂದಕ್ಕೆ ಓಡಾಡಬಹುದು ಅಂತ ಕಾನೂನಲ್ಲೇ ಸ್ಪೆಷಲ್ ಅವಕಾಶ ಮಾಡ್ಕೊಟ್ರು.

ಹಾಗಂತ ವೆಸ್ಟ್‌ಪೋರ್ಟ್ ಸತ್ತು ಹೋಗ್ಲಿಲ್ಲ, ಅದನ್ನೂ ಹೇಳ್ಬೇಕು. ಆದ್ರೆ ತಡರಾತ್ರಿ ಗಲಾಟೆ ಜಾಸ್ತಿಯಾಗಿ, 2017ರ ಕೊನೇಲಿ ಅಲ್ಲಿನ ಫುಟ್‌ಪಾತನ್ನೇ ಖಾಸಗಿಯವ್ರಿಗೆ ಬಿಟ್ಕೊಡೋಕೆ ಕೌನ್ಸಿಲ್ ಒಪ್ಪಿತು, ವೀಕೆಂಡ್ ರಾತ್ರಿ ಬರೋರನ್ನ ಮೆಟಲ್ ಡಿಟೆಕ್ಟರಲ್ಲಿ ಚೆಕ್ ಮಾಡಿ ಒಳಗೆ ಬಿಡೋಕೆ. ಇದಕ್ಕೆ ಡೌನ್‌ಟೌನ್ ಡಿಸ್ಟ್ರಿಕ್ಟೇ ಕಾರಣ ಅಂತ ನಾನು ಹೇಳ್ತಿಲ್ಲ, ಬಂದೂಕಿನ ಸಮಸ್ಯೆನೇ ಬೇರೆ ಇದೆ. ಆದ್ರೂ ಸಾರ್ವಜನಿಕ ಬೀದಿ ಅನ್ನೋದೇ ಹೋಯ್ತಲ್ಲ ಅಂತ ಬೇಜಾರಾಗುತ್ತೆ.

ಸೌಂಡ್‌ಚೆಕ್:
ನಾನು ಇಂಥದ್ದೇ ಒಂದು ಹಳೇ ಬೀದೀಲಿ ಆರು ವರ್ಷ ಲೈವ್ ಬ್ಯಾಂಡ್‌ಗಳಿಗೆ ಸೌಂಡ್ ಮಿಕ್ಸರ್ ಮುಂದೆ ಕೂತಿದ್ದೆ. ಎಲ್ರೂ ಶನಿವಾರದ ಲೆಕ್ಕ ನೋಡ್ತಾರೆ, ಆದ್ರೆ ಮೊದ್ಲು ಹೋಗೋದು ಗುರುವಾರ. ಹೊಸ ಜಾಗ ಓಪನ್ ಆದ ಮೇಲೆ ಶನಿವಾರ ಇನ್ನೂ ತುಂಬ್ತಿತ್ತು, ಆದ್ರೆ ಗುರುವಾರ ಊಟ ಮಾಡ್ಕೊಂಡು ಎರಡು ಸೆಟ್ ಕೇಳ್ಕೊಂಡು ಹನ್ನೊಂದಕ್ಕೆ ಮನೆಗೆ ಹೋಗ್ತಿದ್ದ ಮೂವತ್ತು ನಲವತ್ತರ ವಯಸ್ಸಿನವ್ರು ಒಬ್ಬೊಬ್ಬರಾಗಿ ಕಾಣೆಯಾದ್ರು, ಅಲ್ಲಿ ಪಾರ್ಕಿಂಗ್ ಸಲೀಸು, ಲೈಟು ಚೆನ್ನಾಗಿದೆ, ಅವ್ರನ್ನ ಬೈಯೋಕಾಗಲ್ಲ. ಒಂದು ಗುರುವಾರ ಡ್ರಮ್ಮರ್ ಸ್ಟೇಜಿಂದ ಎಣಿಸಿದ, ಹನ್ನೊಂದು ಜನ, ಅದ್ರಲ್ಲಿ ನಾಲ್ಕು ಜನ ಮುಂದಿನ ಬ್ಯಾಂಡಿನವ್ರು. ಎರಡು ತಿಂಗಳಾದ ಮೇಲೆ ಓನರ್ ಬ್ಯಾಂಡ್ ನಿಲ್ಲಿಸಿ ಡಿಜೆ ಇಟ್ರು, ಆಮೇಲೆ ಅಡುಗೆಮನೆ ಒಂಬತ್ತಕ್ಕೇ ಮುಚ್ಚೋಕೆ ಶುರು ಮಾಡಿದ್ರು, ಊಟ ಇಲ್ಲ ಅಂದ್ಮೇಲೆ ಬೇಗ ಬರೋರು ಪೂರ್ತಿ ನಿಂತೋದ್ರು, ಉಳಿದಿದ್ದು ರಾತ್ರಿ ಒಂದು ಗಂಟೆ ಮೇಲೆ ಬೇರೆ ಕಡೆ ಕುಡಿದು ಬರೋ ಜನ. ಬಾಗಿಲಲ್ಲಿ ಇಬ್ಬರಿದ್ದ ಬೌನ್ಸರ್ ಐದಾದ್ರು. ನೋಡಿದೋರು ಏರಿಯಾ ಕೆಟ್ಟೋಯ್ತು ಅಂತಾರೆ, ಆದ್ರೆ ಅದು ಕೆಟ್ಟಿದ್ದು ಈ ಕ್ರಮದಲ್ಲಿ, ಸಂಬಳ ಕಳ್ಕೊಂಡ ಅಡುಗೆಯವ್ರಿಂದ ಶುರುವಾಗಿ.

ನಿಧಾನಸ್ಥ:
ಸೌಂಡ್‌ಚೆಕ್ ಅವ್ರು ಹೇಳಿದ್ದು ಓದಿ ಅಮೆರಿಕದ್ದೇ ಇನ್ನೊಂದು ಊರು ಮೆಂಫಿಸ್ ನೆನಪಾಯ್ತು. ಅಲ್ಲಿ 1969ರಲ್ಲಿ ಬಾರಲ್ಲಿ ಲೋಟದ ಲೆಕ್ಕದಲ್ಲಿ ಮದ್ಯ ಮಾರೋಕೆ ಅನುಮತಿ ಸಿಕ್ತು, 1970ರಲ್ಲಿ ಓವರ್ಟನ್ ಸ್ಕ್ವೇರ್ ಅನ್ನೋ ಬಾರ್ ಏರಿಯಾ ಶುರುವಾಗಿ ಊರಿನ ಯುವಕರೆಲ್ಲ ಅಲ್ಲೇ. ಆಮೇಲೆ ಡೌನ್‌ಟೌನಲ್ಲಿ ಪಾಳು ಬಿದ್ದಿದ್ದ ಬೀಲ್ ಸ್ಟ್ರೀಟನ್ನ ರಿಪೇರಿ ಮಾಡಿ 1983ರಲ್ಲಿ ತೆರೆದ್ರು, ಕ್ರೌಡ್ ಆ ಕಡೆ ತಿರುಗ್ತು, ಸ್ಕ್ವೇರ್ ವರ್ಷಗಟ್ಟಲೆ ಸೊರಗಿತು. ಮತ್ತೆ ಚಿಗುರಿದ್ದು 2010ರ ದಶಕದಲ್ಲಿ, ಅದೂ ಬಾರ್ ಸಂಖ್ಯೆ ಹೆಚ್ಚಿಸಿ ಅಲ್ಲ, ನಾಟಕದ ಥಿಯೇಟರ್‌ಗಳು ಸುತ್ತ ಸೇರ್ಕೊಂಡ್ವು, ಸಿಟಿ ಅಲ್ಲೊಂದು ಪಾರ್ಕಿಂಗ್ ಕಟ್ಟಡ ಕಟ್ಟಿ ಅದರ ಕೆಳಗೆ ಮಳೆನೀರು ಹಿಡಿದಿಡೋ ತೊಟ್ಟಿ ಮಾಡ್ತು, ಹಾಗಾಗಿ ಅಕ್ಕಪಕ್ಕದ ಮನೆಯವ್ರಿಗೂ ಪ್ರವಾಹದಿಂದ ಅನುಕೂಲ ಆಯ್ತು. ಹಳೇ ಏರಿಯಾಗೂ ಸಿಟಿ ದುಡ್ಡು ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ ನಾನು ಇದನ್ನೇ ತೋರಿಸ್ತೀನಿ.

ರೂಲ್ಸ್ ಬೇರೆ ಬೇರೆ ಆದ್ರೂ ಜನ ಹೀಗೇ ಸರಿದಾಡ್ತಾರೆ. ಸಿಡ್ನೀಲಿ 2014ರಲ್ಲಿ ಸಿಟಿ ಮಧ್ಯಭಾಗಕ್ಕೂ ಕಿಂಗ್ಸ್ ಕ್ರಾಸ್ ಅನ್ನೋ ಹಳೇ ನೈಟ್‌ಲೈಫ್ ಏರಿಯಾಗೂ ರಾತ್ರಿ 1:30ರ ಮೇಲೆ ಹೊಸಬ್ರನ್ನ ಒಳಗೆ ಬಿಡಬಾರ್ದು, 3ಕ್ಕೆ ಕೊನೇ ಡ್ರಿಂಕ್ಸ್ ಅಂತ ಮಾಡಿದ್ರು, ಹತ್ತಿರದಲ್ಲೇ ಇರೋ ಕ್ಯಾಸಿನೊ ಮಾತ್ರ ಗೆರೆ ಆಚೆ ಉಳೀತು. ಹೊಡೆದಾಟ ಕಮ್ಮಿಯಾಯ್ತು ನಿಜ, ಆದ್ರೆ ಕಿಂಗ್ಸ್ ಕ್ರಾಸಿನ ಎಷ್ಟೋ ಬಾಗಿಲು ಮುಚ್ಚಿದ್ವು. ಅಲ್ಲಿ ನಿಯಮ ತೆಗೆದಿದ್ದು 2021ರಲ್ಲಿ, ಅಷ್ಟರಲ್ಲಿ ಜನ ಅದೇ ಊರಿನ ಇನ್ನೊಂದು ಏರಿಯಾ ನ್ಯೂಟೌನ್ ಕಡೆ ರೂಢಿ ಮಾಡ್ಕೊಂಡಿದ್ರು.

ಕೊನೇಟೇಬಲ್:
ಎಲ್ರಿಗೂ ಥ್ಯಾಂಕ್ಸ್, ಗುರುವಾರದ ವಿಷ್ಯ ನಂಗೆ ಹೊಳೆದೇ ಇರ್ಲಿಲ್ಲ. ಹಾಗಾದ್ರೆ ಇಂಥ ಪ್ರಾಜೆಕ್ಟ್ ಬಗ್ಗೆ ಸಾರ್ವಜನಿಕ ಸಭೆ ಕರೆದಾಗ ಹಳೇ ಬೀದಿಯವ್ರು ಹೋಗಿ ಏನು ಕೇಳ್ಬೇಕು?

ನಕ್ಷೆಹುಚ್ಚು:
ಮೊದ್ಲು ಸಾಲ. ಟ್ಯಾಕ್ಸ್ ಕಮ್ಮಿ ಬಿದ್ರೆ ಕೊರತೆ ಯಾರು ತುಂಬ್ತಾರೆ, ಡೆವಲಪರ್ರಾ ಸಿಟಿನಾ ಅಂತ ಬರವಣಿಗೇಲಿ ಕೇಳಿ. ಆಮೇಲೆ ಮುಚ್ಚೋ ಟೈಮು, ಬೀದೀಲಿ ಲೋಟ ಹಿಡ್ಕೊಂಡು ಓಡಾಡೋ ಅವಕಾಶ, ಎರಡೂ ಕಡೆ ಒಂದೇನಾ ಅಂತ.

ಸೌಂಡ್‌ಚೆಕ್:
ಕೊನೇ ಬಸ್ ಎಷ್ಟು ಗಂಟೆಗೆ, ಹಳೇ ಬೀದಿ ಮೇಲೆ ಹೋಗುತ್ತಾ ಇಲ್ವಾ ಅಂತಾನೂ ಕೇಳಿ. ಒಂದು ಗಂಟೆಗೆ ಅಡುಗೆಮನೆ ತೊಳೆದು ಹೊರಗೆ ಬರೋ ಹುಡುಗನಿಗೆ ಬಸ್ ಇಲ್ಲ ಅಂದ್ರೆ ಅವನೂ ಮುಂದಿನ ತಿಂಗಳು ಹೊಸ ಜಾಗದಲ್ಲೇ ಕೆಲ್ಸಕ್ಕೆ ಸೇರ್ಕೋತಾನೆ.