ಗರುಡ ಗಮನದಲ್ಲಿ ನಿಮ್ಗೆ ಶಿವನೋ ಬ್ರಹ್ಮಯ್ಯನೋ? ಶಾಖಾಹಾರಿ ನೋಡಿರೋರೂ ಬನ್ನಿ

ಮಲ್ನಾಡ್_ಮಳೆ

ಎಲ್ರಿಗೂ ನಮಸ್ಕಾರ. ಶನಿವಾರ ಶಾಖಾಹಾರಿ ನೋಡಿದ್ವಿ, 2024ರಲ್ಲಿ ಥಿಯೇಟರ್‌ಗೆ ಬಂದಾಗ ಮಿಸ್ ಆಗಿತ್ತು. ಭಾನುವಾರ ತಮ್ಮ ಹಠ ಮಾಡಿ ಗರುಡ ಗಮನ ವೃಷಭ ವಾಹನ ಮತ್ತೆ ಹಾಕ್ಸಿದ, ಯಾಕಂದ್ರೆ ಎರಡ್ರಲ್ಲೂ ಗೋಪಾಲಕೃಷ್ಣ ದೇಶಪಾಂಡೆ ಅವ್ರದ್ದೇ ಎಸ್ಐ ಪಾತ್ರ, ಅಲ್ಲಿ ಬ್ರಹ್ಮಯ್ಯ ಇಲ್ಲಿ ಮಲ್ಲಿಕಾರ್ಜುನ. ಅವತ್ತಿಂದ ಮನೇಲಿ ಜಗಳ ನಿಂತಿಲ್ಲ.

ತಮ್ಮ ಹೇಳೋದು ಗರುಡ ಗಮನ ಅಂದ್ರೆ ರೌಡಿ ಶಿವ, ಆ ಪಾತ್ರ ಮಾಡಿರೋ ರಾಜ್ ಶೆಟ್ರು ಫ್ರೇಮಲ್ಲಿ ಇಲ್ದಾಗ ಸಿನಿಮಾ ಬರೀ ಕಾಯ್ತಾ ಇರುತ್ತೆ ಅಂತ. ನಾನು ಹೇಳೋದು ಆ ಸಿನಿಮಾದ ಭಯ ಪೂರ್ತಿ ಇರೋದು ಬ್ರಹ್ಮಯ್ಯನ ಮುಖದಲ್ಲಿ. ಶಿವನಿಗೆ ಕಳ್ಕೊಳ್ಳೋಕೆ ಏನಿದೆ ಹೇಳಿ? ಸಾವಿಗೇ ಹೆದರದೋನು. ಬ್ರಹ್ಮಯ್ಯನಿಗೆ ಕೆಲ್ಸ ಇದೆ, ಸಂಸಾರ ಇದೆ, ಬೇರೆ ಕಡೆಯಿಂದ ಬಂದು ಮಂಗಳೂರಲ್ಲಿ ಸಿಕ್ಕಾಕ್ಕೊಂಡಿದಾನೆ, ಮೇಲ್ಗಡೆಯಿಂದ ಎಂಎಲ್ಎ ಒತ್ತಡ, ಕೆಳಗಡೆ ನೋಡಿದ್ರೆ ರೌಡಿಗಳಾದ ಹರಿ ಶಿವ ಇಬ್ರೂ ಬೆಳೀತಾನೇ ಇದಾರೆ. ಸ್ಟಾರ್ ಹೀರೋ ಅಲ್ಲ, ಇಂಥ ಅಧಿಕಾರ ಇಲ್ದಿರೋ ಸಣ್ಣ ಪೊಲೀಸು ಬದುಕ್ಬೇಕು ಅಂದ್ರೆ ಏನ್ ಮಾಡ್ತಾನೆ ಅನ್ನೋದೇ ನನ್ ಪ್ರಕಾರ ಥ್ರಿಲ್ಲರು. ಕುರ್ಚಿ ತುದೀಗೆ ಬಂದು ಕೂತಿದ್ದು ಅವ್ನು ಬಂದಾಗ್ಲೇ, ಶಿವ ಬಂದಾಗ ನಾವು ಬಾಯ್ಬಿಟ್ಕೊಂಡು ನೋಡ್ತೀವಿ ಅಷ್ಟೆ, ಅದು ಬೇರೆ ಇದು ಬೇರೆ.

ನಿಮ್ಗೆಲ್ಲ ಇಷ್ಟದ ಥ್ರಿಲ್ಲರ್ ಪಾತ್ರ ಯಾರು? ಬೇರೆ ಸಿನಿಮಾದ ಪಾತ್ರ ಇದ್ರೂ ಬರೀರಿ, ಆದ್ರೆ ಕ್ಲೈಮ್ಯಾಕ್ಸ್ ಬಿಟ್ಕೊಡ್ಬೇಡಿ, ನೋಡದೇ ಇರೋರು ಇದಾರೆ.

ಕುಡ್ಲದ_ಪಿಲಿ

ಶಿವ. ಇದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಮಾರಾಯ್ರೆ.

ನಾನು ಮಂಗಳೂರಿನ ಮಂಗಳಾದೇವಿ ಹತ್ರದವ್ನೇ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ. ನಮ್ಮಲ್ಲಿ ನವರಾತ್ರಿ ಬಂದ್ರೆ ಹುಲಿ ವೇಷ ನೋಡಿಯೇ ಬೆಳ್ದದ್ದು, ತಾಸೆ ಡೋಲಿನ ಸದ್ದು ಕೇಳಿದ್ರೆ ಕಾಲು ಸುಮ್ನೆ ನಿಲ್ಲುದಿಲ್ಲ. ಈಗ ಆ ಸೀನ್ ನೆನಪು ಮಾಡಿ, ಕೊಲೆ ಮಾಡಿ ಬಂದು ಮಳೆಯಲ್ಲಿ ಶಿವ ಕುಣಿಯುದು. ಅವ್ನು ಹಾಕುದು ಹುಲಿಯ ಹೆಜ್ಜೆ, ಆದ್ರೆ ಮೈಗೆ ಬಣ್ಣ ಇಲ್ಲ, ಸುತ್ತ ಜನ ಇಲ್ಲ, ತಾಸೆ ಇಲ್ಲವೇ ಇಲ್ಲ. ನಮ್ಮಲ್ಲಿ ಹುಲಿ ಯಾವತ್ತೂ ಒಂಟಿಯಾಗಿ ಕುಣಿಯುದಿಲ್ಲ, ತಂಡ ಬೇಕು, ಬಡಿಯುವವ್ರು ಬೇಕು, ಇವ್ನು ಯಾರಾದ್ರೂ ನೋಡ್ಲಿ ಅಂತ ಕುಣಿಯುದಲ್ಲ. ಆ ಭುಜ ಎತ್ತುವ ರೀತಿ, ಕುತ್ತಿಗೆ ತಿರುಗಿಸುವ ರೀತಿ, ಅದನ್ನು ಕಂಡಾಗ ನನಗೆ ಮೈ ಜುಂ ಅಂದದ್ದು ಈಗ್ಲೂ ಉಂಟು. ಒಂದೂ ಡೈಲಾಗ್ ಇಲ್ಲದೆ ಈ ಮನುಷ್ಯನ ತಲೆ ಒಳಗೆ ಎಂತ ನಡೀತಾ ಉಂಟು ಅಂತ ಗೊತ್ತಾಗ್ತದೆ, ಇದಕ್ಕಿಂತ ದೊಡ್ಡ ಪಾತ್ರ ಬರವಣಿಗೆ ಇಲ್ಲ.

ಮತ್ತೆ ಶಿವನಿಗೆ ಕಳ್ಕೊಳ್ಳಿಕ್ಕೆ ಎಂತದೂ ಇಲ್ಲ ಅಂತ ಬರ್ದಿದ್ದೀರಿ, ಅದು ಹೇಗೆ? ಬಾವಿಯಲ್ಲಿ ಸಿಕ್ಕಿದ ಹುಡುಗ, ಹರಿಯ ಅಮ್ಮ ಸಾಕಿದ್ದು. ಅವ್ನಿಗೆ ಇಡೀ ಭೂಮಿ ಮೇಲೆ ಇರುದು ಹರಿ ಒಬ್ಬನೇ. ಮೈದಾನದಲ್ಲಿ ಮಕ್ಕಳ ಜೊತೆ ಕ್ರಿಕೆಟ್ ಆಡುವಾಗ ಅವ್ನ ಮುಖ ನೋಡಿ, ಸಣ್ಣ ಹುಡುಗನ ಮುಖ ಅದು. ಆ ಹರಿ ದೂರ ಹೋಗ್ತಾನೆ ಅಂತ ಗೊತ್ತಾದ ಮೇಲೆ ಅವ್ನಿಗಿಂತ ಹೆಚ್ಚು ಕಳ್ಕೊಳ್ಳುವವ ಯಾರು? ಒಂದು ಮೊಟ್ಟೆಯ ಕಥೆಯ ಜನಾರ್ದನ ಮೇಷ್ಟ್ರು ಮತ್ತೆ ಈ ಶಿವ ಒಬ್ಬನೇ ಮನುಷ್ಯ ಮಾಡಿದ್ದು ಅಂತ ನಂಬ್ಲಿಕ್ಕೇ ಆಗುದಿಲ್ಲ ನನಗೆ, 2017ಕ್ಕೂ 2021ಕ್ಕೂ ನಾಲ್ಕೇ ವರ್ಷ.

ಹನೂರ್_ಹೈದ

ಕುಡ್ಲದ ಅಣ್ಣ ಹಾಡಿನ್ ಬಗ್ಗೆ ಬರೀನೇ ಇಲ್ವಲ್ಲ, ಆ ಸೀನಲ್ಲಿ ಬರೋದು ನಮ್ ಮಾದಪ್ಪನ್ ಹಾಡು. ಸೋಜುಗಾದ ಸೂಜುಮಲ್ಲಿಗೆ ನಮ್ ಕಡೆ ಬೆಟ್ಟಕ್ಕೆ ನಡ್ಕೊಂಡು ಹೋಗೋರು ಹೇಳ್ಕೊಂಡು ಹೋಗೋ ಹಾಡು, ಚೈತ್ರಾ ಆಚಾರ್ ಅವ್ರು ಎಷ್ಟ್ ಚೆನ್ನಾಗ್ ಹಾಡವ್ರೆ. ಮೊದ್ಲು ನಂಗೂ ಇದೇನಪ್ಪಾ ಮಂಗಳೂರ್ ರೌಡಿಗೆ ಮಾದೇಶ್ವರನ್ ಹಾಡು ಅನ್ಸ್ತು. ಆದ್ರೆ ಒಂದ್ ವಿಷ್ಯ ಗಮನಿಸಿ, ಮಾದಪ್ಪ ಕೂತಿರೋದು ಹುಲಿ ಮೇಲೆ. ಹುಲಿ ಹೆಜ್ಜೆ ಹಾಕೋನಿಗೆ ಹುಲಿ ಮೇಲ್ ಬರೋ ದೇವ್ರ ಹಾಡು. ಡೈರೆಕ್ಟ್ರು ಬೇಕಂತ ಇಟ್ರೋ ತಾನಾಗೇ ಬಂತೋ, ನನ್ ಮಟ್ಟಿಗಂತೂ ಆ ಶಿವನ್ನ ಪೂರ್ತಿ ಮಾಡಿದ್ದು ಅದೇ ಹಾಡು. ನನ್ ಓಟು ಶಿವನಿಗೆ.

ಕುಡ್ಲದ_ಪಿಲಿ

ಹುಲಿ ಮೇಲೆ ಮಾದಪ್ಪ! ಇದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ. ಈಗ ಮತ್ತೆ ನೋಡ್ಬೇಕು.

ಸ್ವಾತಿ_ಜಯನಗರ

ಎರಡೂ ಕಡೆಯವ್ರು ಚೆನ್ನಾಗ್ ಬರ್ದಿದೀರ ಆದ್ರೆ ನಂಗೆ ಕೇಳ್ಬೇಕು ಅನ್ಸಿದ್ದು ಬೇರೆ. ಗರುಡ ಗಮನದಲ್ಲಿ ಹೆಂಗಸ್ರು ಎಷ್ಟ್ ಜನ ನೆನಪಿದಾರೆ ನಿಮ್ಗೆ? ತಾಯಿ, ಹೆಂಡ್ತಿ, ಅಷ್ಟೇ. ನಾನು ಆ ಸಿನಿಮಾನ ತುಂಬಾ ಇಷ್ಟಪಡ್ತೀನಿ ಹಾಗಾಗಿ ಬೈತಿಲ್ಲ, ಆದ್ರೆ ನಮ್ಮ ಥ್ರಿಲ್ಲರ್ ಪಾತ್ರಗಳು ಅಂತ ಲಿಸ್ಟ್ ಮಾಡಿದ್ರೆ ಬರೀ ಗಂಡಸ್ರೇ ಬರ್ತಾರಲ್ಲ ಅದು ನಂಗೆ ಕಾಡುತ್ತೆ.

ನನ್ನ ಉತ್ತರ ರಚನಾ, ಯು ಟರ್ನ್, 2016. ಶ್ರದ್ಧಾ ಶ್ರೀನಾಥ್. ನೋಡದೇ ಇರೋರಿಗೆ ಇಷ್ಟೇ ಹೇಳ್ತೀನಿ, ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರ್ಸಿ ಬೈಕಲ್ಲಿ ಯು ಟರ್ನ್ ತಗೊಳ್ಳೋ ಜನ, ತಗೊಂಡ್ಮೇಲೆ ಕಲ್ಲು ವಾಪಸ್ ಇಡಲ್ಲ. ಪೇಪರ್ ಆಫೀಸಲ್ಲಿ ಟ್ರೇನಿ ಆಗಿರೋ ಈ ಹುಡ್ಗಿ ಇದ್ರ ಮೇಲೆ ಒಂದು ಸ್ಟೋರಿ ಮಾಡೋಣ ಅಂತ ಅಲ್ಲೇ ಇರೋ ಒಬ್ಬ ನಿರ್ಗತಿಕನಿಗೆ ದುಡ್ಡು ಕೊಟ್ಟು ಗಾಡಿ ನಂಬರ್ ಬರೆಸ್ಕೊಳ್ತಾಳೆ. ಒಂದು ಚೀಟಿ, ಅದ್ರಲ್ಲಿ ನಂಬರ್‌ಗಳು. ಆಮೇಲೆ ಪೊಲೀಸ್ರು ಚೆಕ್ ಮಾಡಿದ್ರೆ ಆ ನಂಬರಿನ ಮಾಲೀಕ್ರೆಲ್ಲ ಸತ್ತಿದಾರೆ. ಆ ಚೀಟಿ ಅವ್ಳ ಕೈಬರಹ ಕೂಡ ಅಲ್ಲ, ಆದ್ರೂ ಅವ್ಳೇ ಉತ್ತರ ಹೇಳ್ಬೇಕು.

ನಂಗ್ಯಾಕೆ ರಚನಾ ಅಂದ್ರೆ ಅವ್ಳು ಹೆದರ್ತಾಳೆ, ಚೆನ್ನಾಗೇ ಹೆದರ್ತಾಳೆ, ಆದ್ರೆ ಹೆದ್ರಿಕೊಂಡು ಮನೇಗೆ ಹೋಗಲ್ಲ. ಅವ್ಳಿಗೆ ಯಾರನ್ನೂ ಹೊಡೆಯೋ ಶಕ್ತಿ ಇಲ್ಲ, ಹಿಂದೆ ಯಾರೂ ಇಲ್ಲ, ಇರೋದು ಕೇಳೋ ಅಭ್ಯಾಸ ಮಾತ್ರ. ಯಾರು, ಯಾವಾಗ, ಯಾಕೆ. ಜೊತೆಗೆ ಎಸ್ಐ ನಾಯಕ್ ಇದಾರಲ್ಲ ರೋಜರ್ ನಾರಾಯಣ್ ಮಾಡಿರೋದು, ಸೀನಿಯರ್ ಬೇಡ ಅಂದ್ರೂ ಇವ್ಳ ಮಾತು ಕೇಳಿಸ್ಕೊಳ್ಳೋ ಒಬ್ರೇ ಅವ್ರು, ಹೀಗಾಗಿ ಮಲ್ನಾಡ್ ಅವ್ರು ಹೇಳ್ತಿರೋ ಸಣ್ಣ ಪೊಲೀಸ್ ಇಲ್ಲೂ ಇದಾರೆ. ಈ ಸಿನಿಮಾ ಎಷ್ಟೊಂದು ಭಾಷೆಗೆ ಹೋಯ್ತು, ತಮಿಳು ತೆಲುಗಲ್ಲಿ 2018ರಲ್ಲಿ ಸಮಂತಾ ಮಾಡಿದ್ರು, ಆಮೇಲೆ ಹಿಂದಿ ಕೂಡ ಬಂತು. ಆದ್ರೆ ಆ ಫ್ಲೈಓವರ್ ಮೇಲೆ ದಿನಾ ಓಡಾಡೋ ನಮ್ಮಂಥೋರಿಗೆ ರಚನಾ ಕೊಟ್ಟ ನಡುಕ ಬೇರೆ ಯಾರೂ ಕೊಡಕ್ಕಾಗಲ್ಲ. ನಮ್ಮನೇವ್ರು ಇವತ್ತಿಗೂ ಎಲ್ಲಾದ್ರೂ ಡಿವೈಡರ್ ಸಂದಿ ಕಂಡ್ರೆ ಗಾಡಿ ತಿರುಗ್ಸಲ್ಲ, ಮುಂದೆ ಸಿಗ್ನಲ್ ತನಕ ಹೋಗೇ ಬರ್ತಾರೆ.

ಹುಬ್ಬಳ್ಳಿ_ಮಿರ್ಚಿ

ಏನ್ರಿ ಇದು, ಎಲ್ಲಾರೂ ಅಳೋ ಪೊಲೀಸ್ನ ಹಿಂದ ಬಿದ್ದೀರಿ. ಸ್ಟಾರ್ ಹೀರೋ ಇದ್ರ ಥ್ರಿಲ್ಲರ್ ಆಗಂಗಿಲ್ಲೇನು? ಮ್ಯಾಕ್ಸ್ ನೋಡ್ರಿ. 2024ರ ಕ್ರಿಸ್‌ಮಸ್ ದಿನ ಬಂತು, ನಾವು ಫಸ್ಟ್ ಶೋ ಹೋಗಿದ್ವಿ. ಒಂದ ರಾತ್ರಿ ಕತಿ, ಸ್ಟೇಷನ್ನಾಗ ಮಂತ್ರಿಗಳ ಮಕ್ಕಳು ಸತ್ತಾರ, ಹೊರಗ ಹೇಳಂಗಿಲ್ಲ, ಬೆಳಕ ಹರಿಯೋದ್ರಾಗ ಸ್ಟೇಷನ್ ಮಂದೀನ ಉಳಸ್ಬೇಕು. ಸುದೀಪ್ ಅಣ್ಣ ಅಲ್ಲಿ ಹೊಡದಾಡ್ತಾರ ಖರೆ, ಆದ್ರ ಅವ್ರಿಗಿರೋ ಚಿಂತಿ ತಮ್ಮದಲ್ಲ, ಆ ಕಾನ್‌ಸ್ಟೇಬಲ್‌ಗಳದ್ದು. ಟೈಮ್ ಓಡೂಕತ್ತೈತಿ ಅನ್ನೋದ ಸಾಕು ಥ್ರಿಲ್‌ಗೆ.

ಹಿಂದಕ್ಕ ಹೋದ್ರ ನಿಷ್ಕರ್ಷ ಐತಿ. ವಿಷ್ಣು ದಾದಾ, ಅನಂತ್ ನಾಗ್, ಒಂದ ಬಿಲ್ಡಿಂಗು, ಒಳಗ ಬ್ಯಾಂಕ್ ದರೋಡಿಕೋರರು, ಹಾಡಂತೂ ಒಂದೂ ಇಲ್ಲ. 1990ರ ದಶಕದಾಗ ದಾದಾನಂಥಾ ಸ್ಟಾರ್ ಹಾಡಿಲ್ಲದ ಸಿನಿಮಾಕ್ಕ ಹೂಂ ಅಂದಿದ್ದು ಸಣ್ಣ ಮಾತಲ್ರಿ. ಅದನ್ನ ಮಾಡಿದ ಸುನೀಲ್ ಕುಮಾರ್ ದೇಸಾಯಿ ಅವ್ರು ಅದಕ್ಕೂ ಮೊದ್ಲ 1989ರಾಗ ತರ್ಕ ಮಾಡಿದ್ರು, ಶಂಕರ್ ನಾಗ್ ಅಣ್ಣಂದು, ಅದ್ರಾಗೂ ಹಾಡಿಲ್ಲ. ಈಗಿನ ಹುಡುಗ್ರು ಕೊರಿಯನ್ ಥ್ರಿಲ್ಲರ್ ನೋಡ್ಕೋತ ಕುಂದ್ರೋ ಬದ್ಲಿ ಇವನ್ನ ಒಮ್ಮೆ ನೋಡ್ರಿ.

ಹಳೇ_ಟಾಕೀಸು

ಹುಬ್ಬಳ್ಳಿಯವರು ದೇಸಾಯಿಯವರ ಹೆಸರು ತೆಗೆದಿದ್ದು ಬಹಳ ಸಂತೋಷ. ನಾನು ಇನ್ನೊಂದು ಸೇರಿಸ್ತೀನಿ, ಸಯನೈಡ್, 2006, ಎ.ಎಂ.ಆರ್. ರಮೇಶ್. ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯಲ್ಲಿ ಅಡಗಿ ಕೂತಿದ್ದ ಕೊನೇ ದಿನಗಳ ಕಥೆ. 1991ರ ಆಗಸ್ಟ್‌ನಲ್ಲಿ ಏನಾಯ್ತು ಅಂತ ಪೇಪರ್ ಓದಿದ್ದ ನಮಗೆಲ್ಲ ಮೊದಲೇ ಗೊತ್ತು, ಸಿನಿಮಾದ ಹೆಸರಲ್ಲೇ ಕ್ಲೈಮ್ಯಾಕ್ಸ್ ಇದೆ. ಟ್ವಿಸ್ಟ್ ಅನ್ನೋದೇ ಇಲ್ಲ. ಆದ್ರೂ ಉಸಿರು ಕಟ್ಟುತ್ತೆ.

ಯಾಕೆ ಅಂದ್ರೆ ನಾವು ನೋಡೋದು ಹಂತಕರನ್ನಲ್ಲ, ಅವರ ಜೊತೆ ಆ ಮನೇಲಿ ಇರೋ ಗಂಡ ಹೆಂಡತೀನ. ರಂಗಾಯಣ ರಘು ಮತ್ತು ತಾರಾ. ಅದೇ ಮನೇಲಿ ಅಡುಗೆ ಆಗಬೇಕು, ಅಕ್ಕಪಕ್ಕದವರಿಗೆ ಅನುಮಾನ ಬರಬಾರದು, ಬಾಗಿಲು ತಟ್ಟಿದ್ರೆ ಯಾರು ಅಂತ ನೋಡಿ ತೆಗೀಬೇಕು. ತಾರಾ ಅವರ ಕಣ್ಣಲ್ಲಿ ಆ ಹೆದರಿಕೆ ಒಂದೊಂದೇ ಮೆಟ್ಟಿಲು ಏರ್ತಾ ಹೋಗುತ್ತೆ. ಸ್ವಾತಿಯವರೇ, ಹೆಂಗಸರ ಪಾತ್ರ ಕೇಳಿದ್ರಲ್ಲ, ಇದನ್ನ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ.

ರಂಗಾಯಣ ರಘು ಬಗ್ಗೆ ಒಂದು ಮಾತು. ದುನಿಯಾದ ಸತ್ಯಣ್ಣ ಆದಮೇಲೆ ಆ ಮನುಷ್ಯನಿಗೆ ನಮ್ಮವರು ಎಷ್ಟು ವರ್ಷ ಬರೀ ಕೂಗಾಡೋ ಕಾಮಿಡಿ ಕೊಟ್ಟರು ನೆನಪಿಸ್ಕೊಳ್ಳಿ. ಮೈಸೂರು ರಂಗಾಯಣದಲ್ಲಿ ಪಳಗಿದ ನಟ. ಶಾಖಾಹಾರಿಯ ಸುಬ್ಬಣ್ಣನಾಗಿ ನೋಡಿದಾಗ ಕೋಪಾನೂ ಬಂತು ಸಂತೋಷಾನೂ ಆಯ್ತು, ಇಷ್ಟು ಸಣ್ಣ ದನೀಲಿ ಮಾತಾಡಬಲ್ಲ ನಟನನ್ನ ಇಟ್ಕೊಂಡು ಏನ್ ಮಾಡ್ತಿದ್ವಿ ಇಷ್ಟು ದಿನ ಅಂತ.

ಮಲ್ನಾಡ್_ಮಳೆ

ಎಲ್ರಿಗೂ ಥ್ಯಾಂಕ್ಸ್, ತಮ್ಮನಿಗೆ ಓದಿ ಹೇಳ್ದೆ, ಮಾದಪ್ಪನ ವಿಷ್ಯ ಕೇಳಿ ಅವ್ನು ಕುಣಿದಾಡ್ತಿದಾನೆ.

ಹಳೇ ಟಾಕೀಸು ಸರ್, ಸುಬ್ಬಣ್ಣನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು. ನಮ್ಮೂರ ಕಡೆ ಅಂಥ ಹೋಟೆಲ್ ಇದಾವೆ ಸರ್, ಬೆಳಿಗ್ಗೆ ಒಲೆ ಹಚ್ಚೋದ್ರಿಂದ ಲೋಟ ತೊಳೆಯೋ ತನಕ ಒಬ್ರೇ ನೋಡ್ಕೊಳ್ತಾರೆ. ಆ ಹೋಟೆಲ್ ಒಳಗೆ ಗುಂಡೇಟು ತಿಂದು ಓಡಿಬಂದ ಆರೋಪಿ ಸೇರ್ಕೊಂಡಿದಾನೆ, ಹೊರಗಡೆ ಎಸ್ಐ ಅವ್ನನ್ನೇ ಹುಡುಕ್ತಿದಾರೆ, ಸುಬ್ಬಣ್ಣ ಏನೂ ಆಗ್ದೇ ಇರೋ ಥರ ಗಿರಾಕಿಗಳನ್ನ ನೋಡ್ಕೋಬೇಕು. ಸಯನೈಡ್ ಮನೆ ಬಗ್ಗೆ ನೀವು ಬರ್ದಿದ್ದು ಓದಿದಾಗ ಇದೇ ನೆನಪಾಯ್ತು, ಅಲ್ಲೂ ರಘು ಅವ್ರೇ, ಇಲ್ಲೂ ಅವ್ರೇ, ಎರಡ್ರಲ್ಲೂ ಬಾಗಿಲ ಒಳಗಡೆ ಒಂದು ಗುಟ್ಟು. ಆದ್ರೆ ಅಲ್ಲಿ ಸಿಕ್ಕಾಕ್ಕೊಂಡಿರೋ ಮನುಷ್ಯ, ಇಲ್ಲಿ ಸುಬ್ಬಣ್ಣ ತಾನಾಗೇ ಆರಿಸ್ಕೊಳ್ತಾನೆ, ಹೋಗ್ತಾ ಹೋಗ್ತಾ ಅವ್ನೇ ಭಯ ಹುಟ್ಸೋ ಥರ ಆಗ್ತಾನೆ. ಹಾಗಂತ ನಮ್ಗೆ ಅವ್ನ ಮೇಲೆ ಪ್ರೀತಿ ಕಮ್ಮಿ ಆಗಲ್ಲ, ಅದೇ ವಿಚಿತ್ರ.

ಕುಡ್ಲದವರೇ, ಹರಿ ದೂರ ಆದ್ರೆ ಶಿವನಿಗೆ ಏನೂ ಉಳಿಯಲ್ಲ ಅಂದಿದ್ದು ಒಪ್ತೀನಿ. ಆದ್ರೆ ಆ ಬಿರುಕನ್ನ ಮೊದ್ಲು ಕಂಡು ಅದನ್ನೇ ದಾರಿ ಮಾಡ್ಕೊಳ್ಳೋದು ಯಾರು? ಬ್ರಹ್ಮಯ್ಯ. ಹೆದ್ರಿಕೊಂಡಿರೋ ಮನುಷ್ಯ ಅಷ್ಟು ಕ್ರೂರವಾಗಿ ಯೋಚ್ನೆ ಮಾಡೋದು ಇದ್ಯಲ್ಲ, ನಂಗೆ ಶಿವನ ಲಾಂಗಿಗಿಂತ ಅದೇ ಜಾಸ್ತಿ ಭಯ. ಕವಲುದಾರಿ ಸಿನಿಮಾದ ಶ್ಯಾಮ್‌ನೂ ನೋಡಿ, ಟ್ರಾಫಿಕ್ ಪೊಲೀಸ್, ಕ್ರೈಮ್‌ಗೆ ಹಾಕಿ ಅಂದ್ರೆ ಹಾಕಲ್ಲ, ರಸ್ತೆ ಅಗೆಯೋವಾಗ ಸಿಕ್ಕ ಮೂಳೆ ಹಿಡ್ಕೊಂಡು ಎಮರ್ಜೆನ್ಸಿ ಕಾಲದ ಕೇಸಿಗೆ ಕೈ ಹಾಕ್ತಾನೆ. ಅವ್ನಿಗೂ ಅಧಿಕಾರ ಇಲ್ಲ. ರಿಟೈರ್ಡ್ ಪೊಲೀಸ್ ಮುತ್ತಣ್ಣನ ಮನೆ ಬಾಗಿಲಿಗೆ ಹೋಗಿ ನಿಲ್ಲೋದೊಂದೇ ದಾರಿ. ಅನಂತ್ ನಾಗ್ ಅವ್ರು ಆ ರಿಟೈರ್ಡ್ ಪೊಲೀಸ್‌ನ ಸಿಡುಕು ಎಷ್ಟು ನಿಜ ಮಾಡಿದಾರೆ ಅಂದ್ರೆ, ಕೇಸ್ ಬಿಟ್ಟು ಅವ್ರನ್ನೇ ನೋಡ್ತಾ ಕೂರ್ತೀವಿ.

ಕುಡ್ಲದ_ಪಿಲಿ

ಬ್ರಹ್ಮಯ್ಯ ಬುದ್ಧಿವಂತ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಸಿನಿಮಾ ಮುಗಿದ ಮೇಲೆ ಅವ್ನು ಮನೆಗೆ ಹೋಗ್ತಾನೆ, ಸಂಬಳ ಬರ್ತದೆ. ಶಿವನಿಗೆ ಹೋಗ್ಲಿಕ್ಕೆ ಮನೆ ಯಾವುದು? ನನ್ನ ಓಟು ಬದಲಾಗುದಿಲ್ಲ.

ಸ್ವಾತಿ_ಜಯನಗರ

ಸರ್ ಸಯನೈಡ್ ಇವತ್ತು ರಾತ್ರೀನೇ ನೋಡ್ತೀನಿ, ತಾರಾ ಮೇಡಂಗೋಸ್ಕರ.

ಎಲ್ಲರೂ ರಂಗಾಯಣ ರಘು ಅವ್ರನ್ನ ಹೊಗಳ್ತಿದೀರಲ್ಲ, ಅಜ್ಞಾತವಾಸಿ ಯಾರೂ ನೋಡಿಲ್ವಾ? 2025 ಏಪ್ರಿಲ್‌ನಲ್ಲಿ ಬಂತು, ಗುಳ್ಟೂ ಮಾಡಿದ ಜನಾರ್ದನ್ ಚಿಕ್ಕಣ್ಣ ಅವ್ರದ್ದು, ಪ್ರೊಡ್ಯೂಸ್ ಮಾಡಿರೋದು ಕವಲುದಾರಿಯ ಡೈರೆಕ್ಟರ್ ಹೇಮಂತ್ ರಾವ್. ಇದ್ರಲ್ಲಿ ರಘು ಅವ್ರೇ ಪೊಲೀಸು, ಮಲೆನಾಡಿನ ಊರು. ಮಲ್ನಾಡ್ ಅವ್ರೇ ನಿಮ್ಮ ಸಣ್ಣ ಪೊಲೀಸ್ ವಾದಕ್ಕೆ ಇದೇ ದೊಡ್ಡ ಸಾಕ್ಷಿ ಆಗ್ಬಹುದು, ಅಥ್ವಾ ನಿಮ್ಮ ವಾದಾನೇ ಬುಡಮೇಲು ಮಾಡ್ಬಹುದು, ಯಾವ್ದು ಅಂತ ನಾನ್ ಹೇಳಲ್ಲ. ನಿಧಾನ ಇದೆ, ಫೋನ್ ಪಕ್ಕಕ್ಕಿಟ್ಟು ನೋಡಿ.

ಮಲ್ನಾಡ್_ಮಳೆ

ಈ ಶನಿವಾರ ಅದೇ. ಟ್ರೇಲರ್ ಕೂಡ ನೋಡಲ್ಲ.